ಕಬಡ್ಡಿ ಫೋಟೊ: ಕೈ ಶಾರ್ಪ್, ಮುಖ ಮಂಜು. ಅಪರ್ಚರ್ ಎಷ್ಟಿಡಬೇಕು?

ಕ್ಯಾತ್ಸಂದ್ರ ಕ್ಲಿಕ್ಕು
ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ರ ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ನಡೀತಿದೆ. ಲೀಗ್ ಮ್ಯಾಚ್ ಮುಗಿದಿವೆ, ಸೆಮಿಫೈನಲ್ಲು ಫೈನಲ್ಲು ಬಾಕಿ. ಅಷ್ಟರೊಳಗೆ ಇದೊಂದು ಬಗೆಹರಿಸ್ಕೋಬೇಕು.

ಬಾಡಿ ನಂದೇ, ಹಳೇ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್. 70-200 ಎಫ್ 2.8 ಲೆನ್ಸ್ ಬಾಡಿಗೆದು. ಎಂಡ್ ಲೈನ್ ಹಿಂದೆ ನೆಲದ ಮೇಲೆ ಕೂತು ಹೊಡೆದೆ. ಶಟರ್ 1/640 ಸೆಕೆಂಡು, ಐಎಸ್‌ಒ (ಬೆಳಕನ್ನ ಹಿಗ್ಗಿಸೋ ಮಟ್ಟ) 3200, ಅಪರ್ಚರ್ (ಲೆನ್ಸಿನ ತೂತು, ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು) 2.8. ರೈಡರ್ ನನ್ನ ಕಡೆ ಕೈ ಚಾಚಿದ ಫ್ರೇಮಲ್ಲಿ ಉಗುರಿನ ಸಂದಿ ಮಣ್ಣು ಕೂಡ ಕಾಣುತ್ತೆ, ಮುಖ ಮಾತ್ರ ಮಂಜು. ಮುಖ ಸಿಕ್ಕಿದ ಫ್ರೇಮಲ್ಲಿ ಕಾಲು ಹಿಡಿಯೋಕೆ ಬಿದ್ದ ಡಿಫೆಂಡರ್ ಯಾರು ಅಂತ ಅವರಪ್ಪನಿಗೂ ಗೊತ್ತಾಗಲ್ಲ. ಎಫ್ 5.6ಕ್ಕೆ ಹೋದ್ರೆ ನಾಯ್ಸು (ಫೋಟೊ ತುಂಬ ಕಾಳುಕಾಳು), ಜೊತೆಗೆ ಹಿಂದಿನ ಫ್ಲೆಕ್ಸಲ್ಲಿ ಕೈಮುಗಿದು ನಿಂತಿರೋ ಮುಖಂಡರೆಲ್ಲ ಆಟಗಾರರಿಗಿಂತ ಚೆನ್ನಾಗಿ ಬರ್ತಾರೆ.

ಓಡೋ ಆಟದಲ್ಲಿ ಡೆಪ್ತ್ ಆಫ್ ಫೀಲ್ಡ್ (ಹಿಂದೆ ಮುಂದೆ ಎಷ್ಟು ಆಳ ಶಾರ್ಪ್ ಬರುತ್ತೆ ಅನ್ನೋದು) ಹಿಡಿತಕ್ಕೆ ತಗೊಳ್ಳೋದು ಹೆಂಗೆ? ನಿಂತಿರೋರಿಗೆ ಪೋಸ್ ಕೊಡಿ ಅನ್ನಬಹುದು, ಇವರಿಗೆ ಅನ್ನೋಕಾಗಲ್ಲ.

ಗುಬ್ಬಿ ಗಾಡಿ
ಎಫ್ 8 ಇಡು ಮಗಾ. ಹಿಂದಿನ ಮುಖಂಡರನ್ನ ಆಮೇಲೆ ಫೋಟೊಶಾಪಲ್ಲಿ ಬ್ಲರ್ ಮಾಡು. ಮುಗೀತು.

ಹಳೇ ರೀಲು
ಎಫ್ 8 ಇಟ್ರೆ ಮೂರು ಸ್ಟಾಪ್ ಬೆಳಕು ಹೋಯ್ತು, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ. ಅದೇ ಶಟರ್ ಬೇಕಂದ್ರೆ ಐಎಸ್‌ಒ 25,600. ಹಳೇ ಕ್ರಾಪ್ ಬಾಡಿಯಲ್ಲಿ ಅಷ್ಟಿಟ್ಟು ನೋಡಪ್ಪ, ಆಟಗಾರರ ಮೈಮೇಲೆ ಅಂಕಣದ ಮಣ್ಣೆಲ್ಲ ಎರಚಿದಂಗೆ ಬರುತ್ತೆ. ಸಲಹೆ ಕೊಡೋ ಮುಂಚೆ ಬೆಳಕಿನ ಲೆಕ್ಕ ಹಾಕಿ.

ಗುಬ್ಬಿ ಗಾಡಿ
ಶಟರ್ ಇಳಿಸಿದ್ರಾಯ್ತು. 1/200.

ಹಳೇ ರೀಲು
1/200ಕ್ಕೆ ಮುಖ ಶಾರ್ಪು, ಕೈಕಾಲು ನಾಲ್ಕೂ ಹೊಗೆ. ಕಬಡ್ಡಿಲಿ 1/500ಕ್ಕಿಂತ ಕೆಳಗೆ ಇಳಿದ್ರೆ ದೇವರೇ ಗತಿ. ಕೇಳಿರೋದು ಡೆಪ್ತು, ನೀವು ಇನ್ನೊಂದು ರೋಗ ಅಂಟಿಸ್ತಿದೀರ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಕ್ಯಾತ್ಸಂದ್ರದವರೇ, ಅಂದಾಜಿನ ಮೇಲೆ ಮಾತಾಡೋದು ಬೇಡ, ಸಂಖ್ಯೆ ಹಾಕೋಣ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯದ ಗೆರೆಯಿಂದ ಎಂಡ್ ಲೈನಿಗೆ ಆರೂವರೆ ಮೀಟರ್. ನೀವು ಗೆರೆಯಿಂದ ಮೂರು ಮೀಟರ್ ಹಿಂದೆ ಕೂತಿದ್ರೆ, ಗೆರೆ ದಾಟಿ ಒಳಗೆ ಬಂದ ರೈಡರ್ ನಿಮಗೆ ಹೆಚ್ಚುಕಮ್ಮಿ 8 ಮೀಟರ್ ದೂರ. ಬಗ್ಗಿ ಬರೋ ಆಳು ಪೂರ್ತಿ ಫ್ರೇಮಲ್ಲಿ ಬರೋಕೆ ಜೂಮನ್ನ 200 ಎಂಎಂಗೆ ಒಯ್ದಿರಲ್ಲ, ಫೋಕಲ್ ಲೆಂತ್ 135 ಅಂತಿಟ್ಕೊಳ್ಳಿ.

ಡೆಪ್ತ್ ಸುಮಾರಾಗಿ ಸಿಗೋ ಸೂತ್ರ ಇಷ್ಟೇ: ಎಫ್ ಸಂಖ್ಯೆಯನ್ನ ಎರಡರಿಂದ ಗುಣಿಸಿ, ಸಹಿಸಬಹುದಾದ ಮಸುಕಿನ ಚುಕ್ಕೆಯ ಅಳತೆಯಿಂದ (ಕ್ರಾಪ್ ಸೆನ್ಸರಿಗೆ 0.02 ಮಿ.ಮೀ.) ಗುಣಿಸಿ, ದೂರದ ವರ್ಗದಿಂದ ಗುಣಿಸಿ, ಫೋಕಲ್ ಲೆಂತಿನ ವರ್ಗದಿಂದ ಭಾಗಿಸಿ. ಎಲ್ಲಾ ಮಿಲಿಮೀಟರಲ್ಲೇ ಇರಲಿ. 8 ಮೀಟರಿಗೆ, 135ಕ್ಕೆ ಬರೋದು ಹೀಗೆ: ಎಫ್ 2.8ರಲ್ಲಿ 39 ಸೆಂ.ಮೀ., ಎಫ್ 4ರಲ್ಲಿ 56, ಎಫ್ 5.6ರಲ್ಲಿ 79.

ಅಂಕಣದ ಮೇಲೆ ಅಡ್ಡಡ್ಡಲಾಗಿ ಒಂದು ಗೋಡೆ ನಿಂತಿದೆ ಅಂದ್ಕೊಳ್ಳಿ, ದಪ್ಪ 39 ಸೆಂ.ಮೀ. ಗೋಡೆಯೊಳಗಿದ್ದದ್ದು ಶಾರ್ಪ್, ಹೊರಗಿದ್ದದ್ದು ಮಸುಕು. ಚಾಚಿದ ಕೈ ಬೆರಳಿಂದ ಮುಖಕ್ಕೆ 60-70 ಸೆಂ.ಮೀ. ಇರುತ್ತೆ. ಒಳಗೆ ಹಿಡಿಯೋ ಮಾತೇ ಇಲ್ಲ. ನಿಮ್ಮ ಕ್ಯಾಮೆರಾ ಹತ್ತಿರದ ವಸ್ತು ಹಿಡಿದಿದೆ, ಅದು ಕೈ. ಲೆನ್ಸ್ ದೋಷವೂ ಅಲ್ಲ, ನಿಮ್ಮ ದೋಷವೂ ಅಲ್ಲ.

ಮಾಲೂರು ಹೆಂಚು
ಮೇಷ್ಟ್ರು ಬಂದ್ರು, ಎಲ್ಲರೂ ಎದ್ದು ನಿಂತ್ಕೊಳ್ಳಿ 😄

ಕ್ಯಾತ್ಸಂದ್ರ ಕ್ಲಿಕ್ಕು
ಮೇಷ್ಟ್ರೇ ಬಹಳ ಥ್ಯಾಂಕ್ಸ್. ಹಂಗಾದ್ರೆ ಎಫ್ 5.6 ಇಟ್ರೆ 79, ಕೈ ಮುಖ ಎರಡೂ ಬಂತಲ್ವಾ?

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಬರಲ್ಲ. ಮುಖಕ್ಕೆ ಫೋಕಸ್ ಇಟ್ರೆ ಆ 79ರಲ್ಲಿ ಅರ್ಧ ಮುಖದ ಮುಂದೆ, ಅರ್ಧ ತಲೆ ಹಿಂದೆ ಗಾಳಿಗೆ. ಮುಂದೆ ಉಳಿಯೋದು 40 ಸೆಂ.ಮೀ., ಮುಂಗೈವರೆಗೂ ಬರಲ್ಲ. ಎರಡೂ ಬೇಕಂದ್ರೆ ಫೋಕಸ್ ಮೊಣಕೈ ಮೇಲೆ ಬೀಳಬೇಕು. ಓಡೋ ಮನುಷ್ಯನ ಮೊಣಕೈ ಹಿಡೀತೀನಿ ಅನ್ನೋರಿಗೆ ನನ್ನ ನಮಸ್ಕಾರ. ನಾನಾಗಿದ್ರೆ ಎಫ್ 4, ಫೋಕಸ್ ಮುಖಕ್ಕೆ, ಬೆರಳು ಸ್ವಲ್ಪ ಮಸುಕಾದ್ರೆ ಆಗಲಿ ಬಿಡಿ ಅಂತಿದ್ದೆ. ಮುಂದೆ ಚಾಚಿದ ಕೈ ಮಸುಕಾಗಿದ್ರೆ ನೋಡೋರು ಒಪ್ತಾರೆ, ಮುಖ ಮಸುಕಾದ್ರೆ ಯಾರೂ ಒಪ್ಪಲ್ಲ.

ಶಿರಾ ಸೀಮೆ
ಅರ್ಧಕ್ಕರ್ಧ ಅಲ್ಲ ಮೇಷ್ಟ್ರೇ. ಮೂರನೇ ಒಂದು ಭಾಗ ಮುಂದೆ, ಎರಡು ಭಾಗ ಹಿಂದೆ. ಎಲ್ಲಾ ಪುಸ್ತಕದಲ್ಲೂ ಹಂಗೇ ಇದೆ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಪುಸ್ತಕದಲ್ಲಿದೆ, ಆದ್ರೆ ಎಲ್ಲಾ ದೂರಕ್ಕೂ ಅನ್ವಯಿಸಲ್ಲ. ಫೋಕಸ್ ದೂರ ಹೈಪರ್‌ಫೋಕಲ್ ದೂರದ (ಅಲ್ಲಿಗೆ ಫೋಕಸ್ ಇಟ್ರೆ ಆಚೆ ಕೊನೆವರೆಗೂ ಶಾರ್ಪ್ ಬರೋ ದೂರ) ಮೂರನೇ ಒಂದು ಭಾಗ ಇದ್ದಾಗ ಮಾತ್ರ ಒಂದಕ್ಕೆ ಎರಡು ಅನ್ನೋ ಲೆಕ್ಕ ಸರಿಯಾಗಿ ಕೂರುತ್ತೆ. 135 ಎಂಎಂ, ಎಫ್ 2.8ಕ್ಕೆ ಹೈಪರ್‌ಫೋಕಲ್ 300 ಮೀಟರ್ ದಾಟುತ್ತೆ. ನೀವು 8 ಮೀಟರಲ್ಲಿದೀರ. ಅಲ್ಲಿ ಹಿಂದೆ ಮುಂದೆ ಹೆಚ್ಚುಕಮ್ಮಿ ಸಮ.

ಶಿರಾ ಸೀಮೆ
ಒಪ್ಕೊಂಡೆ. ಆದ್ರೂ ನನ್ನ ವೈಡ್ ಲೆನ್ಸಲ್ಲಿ ಮೂರನೇ ಒಂದು ಕೆಲಸ ಮಾಡುತ್ತೆ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ವೈಡಲ್ಲಿ ಹತ್ರಹತ್ರ ಸರಿಹೋಗುತ್ತೆ, ಹೌದು.

ಮಧುಗಿರಿ ಬಂಡೆ
ಎಲ್ಲರೂ ಅಪರ್ಚರ್ ರಿಂಗಿಗೆ ಜೋತುಬಿದ್ದಿದೀರಲ್ಲ. ಎದ್ದು ಜಾಗ ಬದಲಾಯಿಸಪ್ಪ! ಎಂಡ್ ಲೈನ್ ಹಿಂದೆ ಕೂತ್ರೆ ರೈಡರ್ ಕೈ ನಿನ್ನ ಲೆನ್ಸಿಗೇ ಬರುತ್ತೆ, ಅಂದ್ರೆ ಮುಕ್ಕಾಲು ಮೀಟರ್ ಆಳ ಬೇಕು. ಅದೇ ಸೈಡ್ ಲೈನಿಗೆ ಬಾ. ಕೈ ಅಡ್ಡ ಬರುತ್ತೆ. ಬೆರಳು, ಮೊಣಕೈ, ಮುಖ, ಹಿಂದಿನ ಕಾಲು ಎಲ್ಲಾ ನಿನ್ನಿಂದ ಒಂದೇ ದೂರದಲ್ಲಿ. ಮೇಷ್ಟ್ರ 39 ಸೆಂ.ಮೀ. ಗೋಡೆ ಅಲ್ಲಿ ಧಾರಾಳ ಆಯ್ತು. ಬಾಡಿಗೆ ಕೊಟ್ಟ 2.8 ಪೂರ್ತಿ ವಸೂಲಿ, ಐಎಸ್‌ಒ ಏರಿಸೋ ತಲೆನೋವೂ ಇಲ್ಲ.

ಆಟ ಯಾವ ದಿಕ್ಕಿಗೆ ಹೋಗುತ್ತೋ ಅದಕ್ಕೆ ಅಡ್ಡ ನಿಲ್ಲೋದು. ಎಷ್ಟು ಡೆಪ್ತ್ ಸಿಗುತ್ತೆ ಅನ್ನೋದಕ್ಕಿಂತ ಮುಂಚೆ, ಎಷ್ಟು ಡೆಪ್ತ್ ಬೇಕು ಅನ್ನೋದನ್ನೇ ಕಮ್ಮಿ ಮಾಡ್ಕೋ.

ಕ್ಯಾತ್ಸಂದ್ರ ಕ್ಲಿಕ್ಕು
ಬಂಡೆ ಅಣ್ಣ, ಸೈಡ್ ಲೈನಲ್ಲಿ ಅಂಪೈರ್ ಓಡಾಡ್ತಾ ಇರ್ತಾರೆ. ಅವರ ಬೆನ್ನಿನ ಫೋಟೊ ಬೇಕಾದಷ್ಟು ಬರುತ್ತೆ. ಮತ್ತೆ ಎದುರಿಂದ ಸಿಗೋ ಕಣ್ಣು, ಆ ಉಸಿರು ಬಿಗಿಹಿಡಿದ ಮುಖ ಸೈಡಿಂದ ಎಲ್ಲಿ?

ಮಧುಗಿರಿ ಬಂಡೆ
ಅಂಪೈರ್ ಮಧ್ಯದ ಗೆರೆ ಹತ್ರ ಓಡಾಡ್ತಾರೆ, ನೀನು ಮೂಲೆಗೆ ಬಾ. ಮೂಲೆಯಿಂದ ಓರೆಯಾಗಿ ನೋಡಿದ್ರೆ ಮುಕ್ಕಾಲು ಮುಖ ಸಿಗುತ್ತೆ, ಕೈಯಿನ ಆಳವೂ ಸುಮಾರು 45 ಸೆಂ.ಮೀ.ಗೆ ಇಳಿಯುತ್ತೆ. ಅಲ್ಲಿ ಎಫ್ 4 ಸಾಕು. ಎದುರು ಮುಖವೇ ಬೇಕು ಅಂದ್ರೆ ಕೈ ಬಿಟ್ಟುಬಿಡು, ಮೇಷ್ಟ್ರು ಹೇಳಿದಂಗೆ.

ಮಾಲೂರು ಹೆಂಚು
ಯಾಕಿಷ್ಟು ಕಷ್ಟ? 70-200 ವಾಪಸ್ ಕೊಟ್ಟು 85 ಎಂಎಂ ತಗೊಳ್ಳಿ. ಲೆನ್ಸ್ ಚಿಕ್ಕದಾದ್ರೆ ಡೆಪ್ತ್ ಜಾಸ್ತಿ. ಎಲ್ಲರಿಗೂ ಗೊತ್ತಿರೋ ವಿಷಯ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಎಲ್ಲರಿಗೂ ಗೊತ್ತಿರೋದು ಅರ್ಧ ಮಾತ್ರ. 100 ಎಂಎಂ ಲೆನ್ಸ್, 5 ಮೀಟರ್, ಎಫ್ 4: ಡೆಪ್ತ್ 40 ಸೆಂ.ಮೀ. 200 ಎಂಎಂ ಲೆನ್ಸ್, 10 ಮೀಟರ್, ಎಫ್ 4: ಡೆಪ್ತ್ 40 ಸೆಂ.ಮೀ. ಆಳು ಫ್ರೇಮಲ್ಲಿ ಅಷ್ಟೇ ದೊಡ್ಡದಾಗಿ ಬರೋ ಹಾಗೆ ನಿಂತ್ರೆ ಲೆನ್ಸ್ ಯಾವುದಾದ್ರೂ ಡೆಪ್ತ್ ಬದಲಾಗಲ್ಲ. ಚಿಕ್ಕ ಲೆನ್ಸ್ ಹಾಕಿ ಅಲ್ಲೇ ಕೂತು, ಆಳು ಚಿಕ್ಕದಾಗಿ ಬಂದ್ರೆ ಮಾತ್ರ ಡೆಪ್ತ್ ಹೆಚ್ಚು.

ವ್ಯತ್ಯಾಸ ಬರೋದು ಬ್ಯಾಕ್‌ಗ್ರೌಂಡಲ್ಲಿ. ಬಹಳ ದೂರದಲ್ಲಿರೋ ಒಂದು ದೀಪ 100ರಲ್ಲಿ ಎಷ್ಟು ದೊಡ್ಡ ಮಸುಕಾಗುತ್ತೋ 200ರಲ್ಲಿ ಅದರ ಎರಡರಷ್ಟು ಆಗುತ್ತೆ. ಹಾಗಾಗಿ ಕ್ಯಾತ್ಸಂದ್ರದವರ ಮುಖಂಡರನ್ನ ಕರಗಿಸೋಕೆ ಉದ್ದ ಲೆನ್ಸು, ಹಿಂದೆ ಸರಿದು ಕೂರೋದು. ಆಟಗಾರನ ಡೆಪ್ತ್ ಕಳ್ಕೊಳ್ಳಲ್ಲ, ಫ್ಲೆಕ್ಸ್ ಮಾತ್ರ ಕರಗುತ್ತೆ.

ಮಾಲೂರು ಹೆಂಚು
ಇದನ್ನ ಕ್ಯಾಮೆರಾ ತಗೊಂಡು ಕೂತು ಪರೀಕ್ಷೆ ಮಾಡಿದೆ, ಮನೆ ಮುಂದೆ ಹೆಂಚು ಜೋಡಿಸಿಟ್ಟು. ಮೇಷ್ಟ್ರು ಹೇಳಿದ್ದು ನಿಜ. ಸಿಟ್ಟು ಬರ್ತಿದೆ.

ಗುಬ್ಬಿ ಗಾಡಿ
ಹೆಸರಿಗೆ ತಕ್ಕ ಪರೀಕ್ಷೆ ಗುರು 😂

ಹಳೇ ರೀಲು
ಫ್ಲೆಕ್ಸ್ ವಿಷಯಕ್ಕೆ ನಂದೊಂದು. ಮ್ಯಾಚ್ ಶುರುವಾಗೋ ಮುಂಚೆ ಅಂಕಣದ ಸುತ್ತ ಒಂದು ಸುತ್ತು ಹಾಕಿ. ಒಂದು ಕಡೆ ವೇದಿಕೆ, ಫ್ಲೆಕ್ಸು, ಶಾಲು ಹಾಕ್ಕೊಂಡ ಅತಿಥಿಗಳು ಗೆರೆಗೆ ಅಂಟ್ಕೊಂಡೇ ಇರ್ತಾರೆ. ಎದುರಿನ ಕಡೆ ಕತ್ತಲ ಹೊಲವೋ ಶಾಲೆ ಬಯಲೋ ಇರುತ್ತೆ. ವೇದಿಕೆಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಆಗ ಆಟಗಾರರ ಹಿಂದೆ ಕತ್ತಲು, ಎಫ್ 5.6 ಇಟ್ಟರೂ ಹಿಂದೆ ಕಾಣೋಕೆ ಏನೂ ಇಲ್ಲ. ಅರ್ಧ ಸಮಯದಲ್ಲಿ ತಂಡಗಳು ಕಡೆ ಬದಲಾಯಿಸ್ತಾರೆ, ನೀವು ಬದಲಾಯಿಸಬೇಡಿ. ಎರಡೂ ತಂಡದ ರೈಡರು ಅಲ್ಲಿಗೇ ಬಂದು ಸಿಗ್ತಾರೆ.

ಆಯೋಜಕರು ನಮ್ಮ ಫೋಟೊ ಬರ್ಲಿಲ್ಲ ಅಂತ ಮುನಿಸ್ಕೊಂಡ್ರೆ ಬಹುಮಾನ ಕೊಡುವಾಗ ಎರಡು ಹೊಡೆದುಕೊಡಿ.

ಕ್ಯಾತ್ಸಂದ್ರ ಕ್ಲಿಕ್ಕು
ರೀಲು ಸರ್, ಈ ಕಾಸಿಲ್ಲದ ಸಲಹೆ ಯಾರೂ ಕೊಟ್ಟಿರಲಿಲ್ಲ. ಇನ್ನೊಂದು: ಒಂದೇ ಬರ್ಸ್ಟಲ್ಲಿ (ಗುಂಡಿ ಒತ್ತಿ ಹಿಡಿದು ಸಾಲಾಗಿ ಹೊಡೆದದ್ದರಲ್ಲಿ) ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಕಪ್ಪು. ಅದೇನು?

ಹಳೇ ರೀಲು
ಎಲ್‌ಇಡಿ ಫ್ಲಿಕರ್. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ನಿಮ್ಮ 1/640 ಆ ಮಿಣುಕಿನ ಒಂದು ಚೂರನ್ನ ಮಾತ್ರ ಹಿಡಿಯುತ್ತೆ. ಒಮ್ಮೆ ಏರು, ಒಮ್ಮೆ ಇಳಿತ. ಬಾಡಿಯಲ್ಲಿ ಆಂಟಿ ಫ್ಲಿಕರ್ ಇದ್ರೆ ಆನ್ ಮಾಡಿ, ಇಲ್ಲಾಂದ್ರೆ ಬರ್ಸ್ಟ್ ಹೊಡೆದು ಬೆಳ್ಳಗಿರೋದನ್ನ ಆರಿಸಿ.

ಮಧುಗಿರಿ ಬಂಡೆ
ಫೋಕಸ್ ಕೈಗೆ ಹಾರೋ ವಿಷಯಕ್ಕೆ: ಎಲ್ಲಾ ಪಾಯಿಂಟ್ ಆನ್ ಇಟ್ಟಿದ್ರೆ ಹತ್ರದ್ದನ್ನೇ ಹಿಡಿಯುತ್ತೆ. ಒಂದೇ ಪಾಯಿಂಟ್, ಇಲ್ಲಾ ಸಣ್ಣ ಗುಂಪು, ಅದನ್ನ ಎದೆ-ಕತ್ತಿನ ಮೇಲೆ ಇಡು. ಕಂಟಿನ್ಯೂಯಸ್ ಫೋಕಸ್. ಮೆನುವಿನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಇದ್ರೆ ಇಳಿಸು. ಡಿಫೆಂಡರ್ ಅಡ್ಡ ಬಂದ ತಕ್ಷಣ ಫೋಕಸ್ ಅವನ ಬೆನ್ನಿಗೆ ಓಡಲ್ಲ, ಸ್ವಲ್ಪ ತಡೆದು ನೋಡುತ್ತೆ.

ಗುಬ್ಬಿ ಗಾಡಿ
ನನ್ನ ಫೋನಲ್ಲಿ ಪೋರ್ಟ್ರೇಟ್ ಮೋಡ್ ಹಾಕಿದ್ರೆ ಇವೆಲ್ಲಾ ತಂತಾನೇ ಆಗುತ್ತೆ. ಎರಡು ಪುಟ ಲೆಕ್ಕ ಬೇಕಾಗಿಲ್ಲ.

ಶಿರಾ ಸೀಮೆ
ಫೋನಲ್ಲಿ ನಾಲ್ಕು ಮೀಟರ್ ಆಚೆ ಇರೋದೆಲ್ಲ ಶಾರ್ಪೇ ಬರೋದು, ಸೆನ್ಸರ್ ಅಷ್ಟು ಚಿಕ್ಕದು, ಲೆನ್ಸೂ ಅಷ್ಟೇ. ಆಮೇಲೆ ಸಾಫ್ಟ್‌ವೇರ್ ಆಳನ್ನ ಕತ್ತರಿಸಿ ಹಿಂದೆ ಮಸುಕು ಬಳಿಯುತ್ತೆ. ನಿಂತಿರೋ ಭಾವಮೈದನಿಗೆ ಸರಿ. ಓಡೋ ರೈಡರಿಗೆ ಹೊಡೆದು ನೋಡಿ, ಎರಡು ಬೆರಳು ಬ್ಯಾಕ್‌ಗ್ರೌಂಡ್ ಪಾಲು, ಕಂಕುಳ ಸಂದಿಯಲ್ಲಿ ಹಿಂದಿನ ಜನ ಶಾರ್ಪು.

ಗುಬ್ಬಿ ಗಾಡಿ
ವಾಟ್ಸಾಪ್ ಸ್ಟೇಟಸಿಗೆ ಸಾಕು ಸ್ವಾಮಿ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಗುಬ್ಬಿಯವರು ತಮಾಷೆಗೆ ಹೇಳಿದ್ರೂ ಅದರಲ್ಲೊಂದು ಸತ್ಯ ಇದೆ. ನಾನು ಬಳಸಿದ 0.02 ಮಿ.ಮೀ. ಅನ್ನೋದು 8 ಇಂಟು 10 ಇಂಚಿನ ಪ್ರಿಂಟನ್ನ ಗೇಣುದ್ದ ದೂರದಿಂದ ನೋಡೋರಿಗೆ ಲೆಕ್ಕ ಮಾಡಿದ್ದು. ಫೋನ್ ಪರದೆಗೆ ಅಷ್ಟು ಬಿಗಿ ಬೇಡ, 39 ಸೆಂ.ಮೀ. ಅಂದದ್ದು ಅಲ್ಲಿ ಹೆಚ್ಚೇ ಕಾಣುತ್ತೆ. ದೊಡ್ಡ ಪ್ರಿಂಟ್ ಹಾಕಿ ಹತ್ತಿರದಿಂದ ನೋಡಿದ್ರೆ ಅದೇ 39 ಕಮ್ಮಿ ಆಗುತ್ತೆ. ಎಲ್ಲಿ ತೋರಿಸ್ತೀರಿ ಅನ್ನೋದರ ಮೇಲೂ ಡೆಪ್ತ್ ನಿಂತಿದೆ.

ನಂದಿ ತಪ್ಪಲು
ಹಂಗಾದ್ರೆ ಹಿಂದೆ ಸರಿದು ಹೊಡೆದು ಆಮೇಲೆ ಕ್ರಾಪ್ ಮಾಡಿದ್ರೆ? 8ರ ಬದಲು 12 ಮೀಟರ್?

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
39 ಇದ್ದದ್ದು 88 ಆಗುತ್ತೆ. ಕ್ರಾಪ್ ಮಾಡಿ ದೊಡ್ಡದು ಮಾಡಿದಾಗ ಮಸುಕೂ ದೊಡ್ಡದಾಗುತ್ತಲ್ಲ, ಕೊನೆಗೆ ಕೈಗೆ ಸಿಗೋದು 59.

ಹಳೇ ರೀಲು
ನಾಯ್ಸೂ ದೊಡ್ಡದಾಗುತ್ತೆ. ಅಂದ್ರೆ ಅಲ್ಲೇ ಕೂತು ಎಫ್ 4 ಇಟ್ಟು ಐಎಸ್‌ಒ ಏರಿಸಿದ್ದಕ್ಕೂ ಇದಕ್ಕೂ ಏನು ಫರಕು? ಸುತ್ತಿಬಳಸಿ ಅಲ್ಲಿಗೇ ಬಂದ್ರಿ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಹೆಚ್ಚಿನ ಫರಕಿಲ್ಲ. ಹಿಂದೆ ಕೂತ್ರೆ ಆಟಗಾರ ಫ್ರೇಮಿಂದ ಆಚೆ ಜಾರೋದು ಕಮ್ಮಿ, ಅದೊಂದೇ ಲಾಭ.

ಮಧುಗಿರಿ ಬಂಡೆ
ದೂರದ ಮಾತು ಬಂದದ್ದಕ್ಕೆ ಹೇಳ್ತೀನಿ. ನಮ್ಮ ತಾಲೂಕಿನ ಮೈದನಹಳ್ಳಿ ಕಡೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆಯಲ್ಲ, 798 ಎಕರೆ ಬಯಲು. ಅಲ್ಲಿ ಯಾರೋ ಬಂದು ಹಿಂಡು ನೆಗೆದು ಓಡುವಾಗ ಎಫ್ 11 ಇಟ್ಟು ಕೂತಿರ್ತಾರೆ, ಎಲ್ಲಾ ಮೃಗ ಶಾರ್ಪ್ ಬರಲಿ ಅಂತ. 80 ಮೀಟರ್ ದೂರದಲ್ಲಿ 400 ಎಂಎಂ, ಎಫ್ 5.6ಕ್ಕೇ ಒಂಬತ್ತು ಮೀಟರ್ ಆಳ ಸಿಗುತ್ತೆ ಕ್ರಾಪ್ ಬಾಡಿಯಲ್ಲಿ. ಸಾಲಾಗಿ ಓಡೋ ಹಿಂಡಿಗೆ ಸಾಕುಬೇಕು. ಎಫ್ 11 ಇಟ್ಟು ಶಟರ್ ಕಳ್ಕೊಳ್ತಾರೆ. ಆಮೇಲೆ ಮೃದುವಾಗಿ ಬಂತು ಅಂತ ಲೆನ್ಸ್ ಬೈತಾರೆ. ಹತ್ತು ಗಂಟೆ ಬಿಸಿಲಲ್ಲಿ ನೆಲದಿಂದ ಏಳೋ ಝಳಕ್ಕೆ ಯಾವ ಅಪರ್ಚರೂ ಮದ್ದಲ್ಲ. ಬೆಳಕು ಹರಿದ ಹೊತ್ತಿಗೆ ಹೋಗಿ.

ಶಿರಾ ಸೀಮೆ
ಅದರ ಉಲ್ಟಾ ಕೇಸು ನಮ್ಮ ಕಗ್ಗಲಡು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದು, ಹಕ್ಕಿ ತಲೆ ಮೇಲೇ ಬರುತ್ತೆ. ರೆಕ್ಕೆ ಬಿಚ್ಚಿದ್ರೆ ಒಂದೂವರೆ ಮೀಟರ್. ಇಲ್ಲಿ ಬಂಡೆಯವರ "ಅಡ್ಡ ನಿಲ್ಲು" ಸೂತ್ರ ಕೈ ಕೊಡುತ್ತೆ ನೋಡಿ. ಹಕ್ಕಿ ನಿಮ್ಮ ಮುಂದೆ ಅಡ್ಡಡ್ಡ ಹಾರಿದ್ರೆ ಒಂದು ರೆಕ್ಕೆ ನಿಮ್ಮ ಕಡೆ, ಇನ್ನೊಂದು ಆಚೆ ಕಡೆ. ಹತ್ರದ ರೆಕ್ಕೆ ತುದಿ ಕಣ್ಣಿಗಿಂತ ಮುಕ್ಕಾಲು ಮೀಟರ್ ಮುಂದೆ. ಅದೇ ಎದುರಿಂದ ಬಂದ್ರೆ ರೆಕ್ಕೆ ಎರಡೂ ಒಂದೇ ದೂರದಲ್ಲಿ, ಕೊಕ್ಕಿಂದ ಕಾಲಿಗೆ ಮಾತ್ರ ಆಳ.

25 ಮೀಟರಲ್ಲಿ 400 ಎಂಎಂ, ಎಫ್ 5.6 ಅಂದ್ರೆ ಮೇಷ್ಟ್ರ ಸೂತ್ರದ ಪ್ರಕಾರ 87 ಸೆಂ.ಮೀ. ಬರುತ್ತೆ. ಅಡ್ಡ ಹಾರೋ ಹಕ್ಕಿಗೆ ನಾನು ಎಫ್ 8 ಇಡ್ತೀನಿ, ಇಲ್ಲಾಂದ್ರೆ ರೆಕ್ಕೆ ಮೇಲೆತ್ತಿದ ಗಳಿಗೆ ಕಾಯ್ತೀನಿ. ಮೇಲೆತ್ತಿದಾಗ ರೆಕ್ಕೆ ತುದಿ ಮತ್ತೆ ಮೈಯ ನೇರಕ್ಕೆ ಬರುತ್ತೆ. ಬೆಳಗಿನ ಬೆಳಕಲ್ಲಿ ಎಫ್ 8, 1/1600ಕ್ಕೆ ಐಎಸ್‌ಒ 800 ಸಾಕಾಗುತ್ತೆ.

ಮಧುಗಿರಿ ಬಂಡೆ
ಇದನ್ನ ಯೋಚನೆ ಮಾಡಿರಲಿಲ್ಲ. ಸರಿ, ಸೂತ್ರ ಬದಲು: ಉದ್ದನೆಯದು ಯಾವುದೋ ಅದು ಸೆನ್ಸರಿಗೆ ಸಮಾಂತರ ಇರಲಿ. ಕಬಡ್ಡಿಲಿ ಕೈ, ಹಕ್ಕಿಲಿ ರೆಕ್ಕೆ.

ಹಳೇ ರೀಲು
ಕಗ್ಗಲಡುಗೆ ಹೋಗೋರು ಒಂದು ನೆನಪಿಡಿ, ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟಬೇಡಿ. ಊರವರು ಸುಮ್ಮನಿರಲ್ಲ, ಸುಮ್ಮನಿರಲೂಬಾರದು.

ಓಟಗಾರ್ತಿ ಅಮ್ಮ (ಕೋಲಾರ)
ನಮಸ್ತೆ, ನಾನು ಇಲ್ಲಿ ಬರೀ ಓದೋಳು. ಮಗಳು 100 ಮೀಟರ್ ಹರ್ಡಲ್ಸ್ ಓಡ್ತಾಳೆ, ಕೋಲಾರದ ಜಿಲ್ಲಾ ಕ್ರೀಡಾಂಗಣದಲ್ಲಿ ಪ್ರಾಕ್ಟೀಸು. ಕಿಟ್ ಜೊತೆ ಬಂದ 55-250 ಲೆನ್ಸ್ ಇದೆ. ನನ್ನ ಕಡೆಗೇ ಓಡಿ ಬರ್ತಾಳೆ, ಆಟೋಫೋಕಸ್ ಹಿಂದೆಯೇ ಉಳಿಯುತ್ತೆ, ಹಿಂದಿನ ಹರ್ಡಲ್ಲು ಶಾರ್ಪು ಮಗಳು ಮಸುಕು. ಹೊಸ ಕ್ಯಾಮೆರಾ ಅಂತ ಯಾರೂ ಹೇಳಬೇಡಿ, ಸದ್ಯಕ್ಕೆ ಸ್ಪೈಕ್ಸ್ ಶೂಗೇ ದುಡ್ಡು ಹೊಂದಿಸ್ತಿದೀವಿ.

ಹಳೇ ರೀಲು
ಅಮ್ಮ, ನಿಮ್ಮ ಆಟ ಎಲ್ಲಕ್ಕಿಂತ ಸುಲಭ. ಓಟಗಾರ್ತಿ ಎಲ್ಲಿಗೆ ಬರ್ತಾಳೆ ಅಂತ ಮೊದಲೇ ಗೊತ್ತಲ್ಲ! 100 ಮೀಟರ್ ಹರ್ಡಲ್ಸಲ್ಲಿ ಕೊನೇ ಹರ್ಡಲಿಂದ ಮುಗಿಯೋ ಗೆರೆಗೆ ಹತ್ತೂವರೆ ಮೀಟರ್. ಗೆರೆ ದಾಟಿ ಇನ್ನೊಂದು ಹತ್ತು ಮೀಟರ್ ಹಿಂದೆ, ಟ್ರ್ಯಾಕಿನ ಹೊರಗೆ ಕೂತ್ಕೊಳ್ಳಿ. ಅಲ್ಲಿಗೆ ಕೊನೇ ಹರ್ಡಲ್ 20 ಮೀಟರ್ ಚಿಲ್ಲರೆ. ಹರ್ಡಲ್ ಅಡ್ಡಪಟ್ಟಿ ಮೇಲೆ ಫೋಕಸ್ ಮಾಡಿ, ಲೆನ್ಸ್ ಪಕ್ಕದ ಗುಂಡಿ ಮ್ಯಾನುಯಲ್‌ಗೆ ತಳ್ಳಿ. ಆಮೇಲೆ ಫೋಕಸ್ ಕಡೆ ತಿರುಗಿಯೂ ನೋಡಬೇಡಿ.

ನಾವೆಲ್ಲ ರೀಲ್ ಹಾಕ್ತಿದ್ದ ಕಾಲದಲ್ಲಿ ಮಾಡ್ತಿದ್ದದ್ದೇ ಇದು. ಆಗಿನ ಲೆನ್ಸ್ ಮೈಮೇಲೆ ಡೆಪ್ತ್ ಗೆರೆಗಳನ್ನ ಬಣ್ಣದಲ್ಲಿ ಬರೆದಿರೋರು, ಎಫ್ 11ರ ಗೆರೆ ಎಲ್ಲಿಂದ ಎಲ್ಲಿಗೆ ಅಂತ ನೋಡಿದ್ರೆ ಸಾಕಿತ್ತು. ಈಗಿನ ಪ್ಲಾಸ್ಟಿಕ್ ಲೆನ್ಸಲ್ಲಿ ಆ ಗೆರೆನೇ ಇಲ್ಲ, ಮೇಷ್ಟ್ರ ಹತ್ರ ಬರಬೇಕು.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಬಂದದ್ದಕ್ಕೆ ಲೆಕ್ಕ ತಗೊಳ್ಳಿ. 20 ಮೀಟರ್, 200 ಎಂಎಂ, ಎಫ್ 5.6: ಸುಮಾರು 2.2 ಮೀಟರ್ ಆಳ. ಹುಡುಗಿ ಸೆಕೆಂಡಿಗೆ 7 ಮೀಟರ್ ಓಡ್ತಾಳೆ ಅಂದ್ರೆ ಆ ಜಾಗದಲ್ಲಿ ಇರೋದು 0.3 ಸೆಕೆಂಡ್. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಐದು ಫ್ರೇಮ್ ಹೊಡೆದ್ರೆ ಒಂದು, ಅದೃಷ್ಟ ಇದ್ರೆ ಎರಡು ಶಾರ್ಪ್ ಫ್ರೇಮ್. ಎಫ್ 8ಕ್ಕೆ ಹೋದ್ರೆ ಎರಡು ಖಾಯಂ. ಹಗಲು ಬಿಸಿಲಲ್ಲಿ ಎಫ್ 8, 1/1000, ಐಎಸ್‌ಒ 400 ಆರಾಮ. ಅವಳು ಕಾಲೆತ್ತೋ ಹೊತ್ತಿಗೇ ಒತ್ತಲು ಶುರು ಮಾಡಿ, ಹರ್ಡಲ್ ಮೇಲೆ ಬಂದ ಮೇಲಲ್ಲ.

ಓಟಗಾರ್ತಿ ಅಮ್ಮ (ಕೋಲಾರ)
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಧನ್ಯವಾದ. ಭಾನುವಾರ ನೋಡ್ತೀನಿ. ಹರ್ಡಲ್ ಜಾಗ ತಪ್ಪದ ಹಾಗೆ ಕೋಚ್ ಟೇಪ್ ಹಿಡಿದೇ ಇಡಿಸ್ತಾರೆ, ನನಗೂ ಅನುಕೂಲ ಆಯ್ತು.

ಮಾಲೂರು ಹೆಂಚು
ಇದೇ ಟ್ರಿಕ್ಕು ರಥಕ್ಕೂ ಆಗುತ್ತೆ. ಸಿದ್ಧಗಂಗೆ ಜಾತ್ರೇಲೋ ನಂದಿಯ ಭೋಗನಂದೀಶ್ವರ ರಥೋತ್ಸವದಲ್ಲೋ ಜನದ ಮಧ್ಯೆ ಸಿಕ್ಕಾಕ್ಕೊಂಡ್ರೆ ಟೆಲಿ ಎತ್ತೋಕೆ ಜಾಗ ಎಲ್ಲಿ? ನಾನು 18 ಎಂಎಂ, ಎಫ್ 8, ಫೋಕಸ್ ಎರಡು ಮೀಟರಿಗೆ ಇಟ್ಟು ಮ್ಯಾನುಯಲ್. ಕ್ರಾಪ್ ಬಾಡಿಲಿ ಒಂದು ಮೀಟರಿಂದ ಆಚೆ ಆಕಾಶದವರೆಗೂ ಶಾರ್ಪು. ಕ್ಯಾಮೆರಾ ತಲೆ ಮೇಲೆ ಎತ್ತಿ ಹೊಡೀತಾ ಹೋಗೋದೇ. ಆಟೋಫೋಕಸ್ ಬಿಟ್ಟಿದ್ರೆ ತೇರಿಗೆ ಎಸೆದ ಬಾಳೆಹಣ್ಣಿಗೆ ಫೋಕಸ್ ಹಾರಿ, ಕಳಶ ಮಸುಕಾಗುತ್ತೆ. ಈಗ ಗಾಳಿಯಲ್ಲಿರೋ ಹಣ್ಣು, ಅದಕ್ಕೆ ಚುಚ್ಚಿದ ದವನದ ಎಸಳು, ಹಗ್ಗ ಎಳೆಯೋರ ಕತ್ತಿನ ನರ, ಕಳಶ, ಎಲ್ಲಾ ಒಂದೇ ಫ್ರೇಮಲ್ಲಿ.

ಗುಬ್ಬಿ ಗಾಡಿ
ಒಂದ್ಸಲ ಆ ಹಣ್ಣು ನನ್ನ ಲೆನ್ಸಿಗೇ ಬಂದು ಬಿತ್ತು. ಡೆಪ್ತ್ ಆಫ್ ಫೀಲ್ಡ್ ಸೊನ್ನೆ.

ಮೇಲ್ವಿಚಾರಕ
ಮೇಲೆ ಒಬ್ಬರು 70-200 ಮಾರಾಟಕ್ಕಿದೆ ಅಂತ ನಂಬರ್ ಹಾಕಿದ್ರು, ತೆಗೆದಿದೀನಿ. ಮಾರಾಟಕ್ಕೆ ಬೇರೆ ವಿಭಾಗ ಇದೆ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಕ್ಯಾತ್ಸಂದ್ರ ಕ್ಲಿಕ್ಕು
ಸೆಮಿಫೈನಲ್ ವರದಿ: ವೇದಿಕೆಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂತೆ, ಎಫ್ 4, ಐಎಸ್‌ಒ 6400, ಒಂದೇ ಪಾಯಿಂಟು. ನಾಯ್ಸ್ ಇದೆ, ಸಹಿಸಬಹುದು. ಕೈ ಮುಖ ಎರಡೂ ಬಂದ ಫ್ರೇಮು ಈ ಸಲ ಬೇಕಾದಷ್ಟಿವೆ. ಆದ್ರೆ ಬಂಡೆ ಅಣ್ಣ, ಆಯೋಜಕರು ನಿಜವಾಗಲೂ ಮುನಿಸ್ಕೊಂಡ್ರು.

ಮಧುಗಿರಿ ಬಂಡೆ
ಆ ಬೈಗುಳ ರೀಲು ಸರ್‌ಗೆ ತಲುಪಿಸು, ಬೆನ್ನು ಹಾಕಿಸಿದ್ದು ಅವರು.

ನಂದಿ ತಪ್ಪಲು
ನನ್ನ ಪ್ರಶ್ನೆ ಬೇರೆ ದಿಕ್ಕಿಂದು. ವೀಕೆಂಡ್ ಬೆಳಿಗ್ಗೆ ಬೆಟ್ಟ ಹತ್ತೋ ಸೈಕಲ್‌ನವರನ್ನ ತಿರುವಲ್ಲಿ ನಿಂತು ಹೊಡೀತೀನಿ. ಬ್ಯಾಕ್‌ಗ್ರೌಂಡಲ್ಲಿ ಬರೀ ಪೊದೆ, ತಡೆಗೋಡೆ, ಜೋಳದ ಗಾಡಿ. ಎಫ್ 2.8 ಲೆನ್ಸ್ ಇಲ್ಲ, 5.6ಕ್ಕೆ ಸರಿಯಾಗಿ ಕರಗಲ್ಲ. ಏನು ದಾರಿ?

ಶಿರಾ ಸೀಮೆ
ಪ್ಯಾನಿಂಗ್. ಹಿಂದೆ ಕರಗಿಸೋಕೆ ಅಪರ್ಚರೇ ಆಗಬೇಕು ಅಂತ ಯಾರು ಹೇಳಿದ್ದು? 1/30 ಇಟ್ಟು ಸೈಕಲ್ ಜೊತೆ ಕ್ಯಾಮೆರಾ ತಿರುಗಿಸಿ, ಪೊದೆ ಗಾಡಿ ಎಲ್ಲಾ ಗೆರೆ ಗೆರೆ ಆಗಿ ಹೋಗುತ್ತೆ. ಇಲ್ಲಿ ಡೆಪ್ತ್ ಜಾಸ್ತಿ ಇದ್ದಷ್ಟೂ ಒಳ್ಳೇದು, ಸೈಕಲ್ ಸ್ವಲ್ಪ ಹಿಂದೆ ಮುಂದೆ ಆದ್ರೂ ನಡೆಯುತ್ತೆ. ಏರಿನಲ್ಲಿ ನಿಧಾನ ಇರ್ತಾರೆ, 1/30ಕ್ಕೂ ಹಿಂದೆ ಸರಿಯಾಗಿ ಹರಿಯದಿದ್ರೆ 1/15. ಇಳಿಯುವಾಗ 1/60.

ನಂದಿ ತಪ್ಪಲು
ಬಿಸಿಲು ಬಂದ ಮೇಲೆ 1/30 ಇಟ್ರೆ ಪೂರ್ತಿ ಬೆಳ್ಳಗೆ. ಐಎಸ್‌ಒ 100, ಎಫ್ 22 ಇಟ್ಟರೂ.

ಲೆಕ್ಕದ ಮೇಷ್ಟ್ರು (ಗೌರಿಬಿದನೂರು)
ಆಗಲೇಬೇಕು. ನೇರ ಬಿಸಿಲಿಗೆ ಐಎಸ್‌ಒ 100, ಎಫ್ 16, 1/100 ಅನ್ನೋದು ಹಳೇ ಲೆಕ್ಕ. 1/30ಕ್ಕೆ ಇಳಿದ್ರೆ ಎಫ್ 29ರ ಹತ್ರ ಬೇಕು. ಅಷ್ಟು ಕಿರಿದಾದ ತೂತಲ್ಲಿ ಡಿಫ್ರಾಕ್ಷನ್‌ನಿಂದ (ಬೆಳಕು ಅಂಚಲ್ಲಿ ಹರಡೋದರಿಂದ) ಎಲ್ಲಾ ಮೃದುವಾಗುತ್ತೆ. ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸೋಕೆ ಲೆನ್ಸ್ ಮುಂದೆ ಹಾಕೋ ಕಪ್ಪು ಗಾಜು), ಎನ್‌ಡಿ 8 ಅಂತ ಸಿಗುತ್ತೆ, ಹಾಕಿದ್ರೆ ಎಫ್ 10ಕ್ಕೆ ಬರ್ತೀರ. ಇಲ್ಲಾಂದ್ರೆ ಬಿಸಿಲು ಏರೋ ಮುಂಚೆ ಮುಗಿಸಿ.

ನಂದಿ ತಪ್ಪಲು
ಹೊಡೆದೆ. ಸೈಕಲ್ ಬಂತು, ಹಿಂದೆ ಕರಗ್ತು. ಆದ್ರೆ ಎಲ್ಲಾ ಫೋಟೊದಲ್ಲೂ ಆಕಾಶದ ಅದೇ ಜಾಗದಲ್ಲಿ ನಾಲ್ಕು ಕಪ್ಪು ಚುಕ್ಕೆ. ಮೊದಲು ಇರಲಿಲ್ಲ.

ಹಳೇ ರೀಲು
ಮೊದಲೂ ಇತ್ತು, ಎಫ್ 5.6ರಲ್ಲಿ ಕಾಣ್ತಿರಲಿಲ್ಲ. ಸೆನ್ಸರ್ ಮೇಲಿನ ಧೂಳು. ಅಪರ್ಚರ್ ಕಿರಿದಾದಷ್ಟೂ ಅದರ ನೆರಳು ಗಟ್ಟಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕೈಯಾರೆ ಕ್ಲೀನ್ ಮಾಡೋ ಆಯ್ಕೆ ಒತ್ತಿ, ಕನ್ನಡಿ ಎತ್ತಿದ ಮೇಲೆ ಕ್ಯಾಮೆರಾ ಬೋರಲು ಹಿಡಿದು ರಬ್ಬರ್ ಬ್ಲೋವರಿಂದ ಗಾಳಿ ಹೊಡೀರಿ. ಬಾಯಿಂದ ಊದಬೇಡಿ, ಎಂಜಲು ಹಾರಿದ್ರೆ ನಾಲ್ಕು ಚುಕ್ಕೆ ನಲವತ್ತಾಗುತ್ತೆ. ಹೋಗಲಿಲ್ಲ ಅಂದ್ರೆ ಸರ್ವೀಸಿಗೆ ಕೊಡಿ.

ಗುಬ್ಬಿ ಗಾಡಿ
ಇಲ್ಲಾ ಫೋಟೊಶಾಪಲ್ಲಿ ಒರೆಸಿ.

ಹಳೇ ರೀಲು
ಈ ಸಲ ಗುಬ್ಬಿಯವರ ಮಾತೂ ನಡೆಯುತ್ತೆ.